ಮದಾಮರ ಊರಿನ ಒಂಬತ್ತು ಗಂಟೆ

ನಮ್ಮ ಮನೆಗೆ ಫೈರ್ ಇಂಜಿನ್ನು ಬಂದದ್ದು ಮಾವನವರ ತಿಥಿಯ ದಿನ. ಎಲ್ಲೂ ಬೆಂಕಿ ಬಿದ್ದಿರಲಿಲ್ಲ. ಬಾಗಿಲ ಮುಂದೆ ರಂಗೋಲಿ ಇರಲಿಲ್ಲ, ಅಷ್ಟೆ. ರಂಗೋಲಿ ಕಾಣಲಿಲ್ಲವೆಂದು ಫೈರ್ ಇಂಜಿನ್ನು ಕರೆಸುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಿರಬೇಕು. ನಮ್ಮ ಪುಣ್ಯಕ್ಕೆ ಅವರು ನಮ್ಮ ಎದುರು ಮನೆಯಲ್ಲೇ ಇದ್ದರು.

ಆಗ ನಾವು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ನೆಲಮಹಡಿಯಲ್ಲಿದ್ದೆವು. ಡಾಟ್ ಕಾಮ್ ಭರಾಟೆಯ ಕಾಲ. ನಾನು ಒಂದು ಸ್ಟಾರ್ಟ್ಅಪ್ಪಿನಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದೆ. ನಾಯಿಗೆ ಬೇಕಾದ ಸಾಮಾನನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಕಂಪನಿ ಅದು. ಜಗತ್ತನ್ನೇ ಬದಲಾಯಿಸುತ್ತಿದ್ದೇವೆಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಮನೆಗೆ ಬಂದು ಬೀಳುವವಳಿಗೆ ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ತಿಳಿಯುವ ಗೊಡವೆಯೇ ಇರಲಿಲ್ಲ. ಎದುರು ಮನೆಯ ಫ್ರೆಂಚ್ ಅಜ್ಜಿ ಮಾತ್ರ ಗೊತ್ತಿದ್ದರು, ಅದೂ ಅವರ ಕಾಟದಿಂದ. ಕಾರಿನ ದೀಪ ಆರಿಸಿಲ್ಲ, ಬಾಗಿಲು ಜೋರಾಗಿ ಹಾಕಿದೆ, ನಿನ್ನ ಗಂಡ ನಿನ್ನೆ ಕೆಮ್ಮುತ್ತಿದ್ದ, ಹೀಗೆ ದಿನಕ್ಕೊಂದು ಹೇಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಅವರು ಅಂಗಳದಲ್ಲಿ ಕಂಡರೆ ಕಾರಿನಲ್ಲೇ ಎರಡು ನಿಮಿಷ ಕೂತಿದ್ದು ಇಳಿಯುತ್ತಿದ್ದೆ. ಎಲ್ಲರೂ ಅವರನ್ನು ಮದಾಮ್ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು.

ಆ ವರ್ಷ ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಮಾವನವರು ತೀರಿಕೊಂಡ ಮೇಲೆ ಒಂದು ವರ್ಷ ರಂಗೋಲಿ ಮುಟ್ಟಿರಲಿಲ್ಲವಂತೆ. ಆಮೇಲೆ ಒಂದು ದಿನ ತಾವಾಗಿಯೇ ಶುರು ಮಾಡಿದರು. ನೆಂಟರೊಬ್ಬರು ಮೂಗು ಮುರಿದಾಗ, "ನೆಲ ನಮ್ಮದು, ಸೊಂಟ ನಂದು, ನಿಮಗೇನ್ರೀ ನೋವು?" ಎಂದು ಕೇಳಿದ್ದರಂತೆ. ನಮ್ಮಲ್ಲಿಗೆ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲಿ ಎರಡು ಕೇಜಿ ರಂಗೋಲಿ ಪುಡಿ ತಂದಿದ್ದರು. ಏರ್‌ಪೋರ್ಟಿನಲ್ಲಿ ಆ ಬಿಳಿ ಪುಡಿಯನ್ನು ಹೇಗೆ ಬಿಟ್ಟರೋ ಆ ದೇವರಿಗೇ ಗೊತ್ತು. ಬಂದ ಮಾರನೆಯ ದಿನದಿಂದಲೇ ಬೆಳಿಗ್ಗೆ ಏಳಕ್ಕೆ ನಮ್ಮ ಬಾಗಿಲ ಮುಂದಿನ ಸಿಮೆಂಟು ನೆಲಕ್ಕೆ ನೀರು ಬಿತ್ತು.

ಎದುರು ಕಿಟಕಿಯಿಂದ ನೋಡುತ್ತಿದ್ದ ಮದಾಮ್ ನಾಲ್ಕನೆಯ ದಿನ ಹೊರಗೇ ಬಂದರು. ಅತ್ತೆಯ ಇಂಗ್ಲಿಷು ಮೂರನೇ ಕ್ಲಾಸಿನ ಪಾಠದ್ದು. ಮದಾಮರ ಇಂಗ್ಲಿಷು ಗಂಟಲಿನಿಂದ ಬರುವಂಥದ್ದು. ಇಬ್ಬರೂ ಅರ್ಧ ಕೈಯಲ್ಲಿ ಮಾತಾಡಿಕೊಂಡರು. ಉಳಿದದ್ದನ್ನು ಶನಿವಾರ ನಾನು ಇಬ್ಬರ ಮಧ್ಯೆ ಕೂತು ಬಿಡಿಸಿ ಹೇಳಬೇಕಾಗುತ್ತಿತ್ತು. ಮೊದಮೊದಲು ಗೊಣಗಿಕೊಂಡೇ ಕೂರುತ್ತಿದ್ದೆ.

ಮದಾಮರ ಊರು ಫ್ರಾನ್ಸಿನ ಲಿಯೋನ್ ಎಂಬ ದೊಡ್ಡ ನಗರದ ಪಕ್ಕದ್ದು. ಆ ಊರಿನ ಹೆಸರು ನಮ್ಮಿಬ್ಬರ ನಾಲಿಗೆಗೂ ಹೊರಳಲಿಲ್ಲ.

"ಹಳ್ಳಿಯೋ ಪಟ್ಟಣವೋ, ಕೇಳೇ," ಎಂದರು ಅತ್ತೆ.

ಎರಡೂ ಅಲ್ಲ ಎಂದರು ಮದಾಮ್. ಅಂಥ ಊರನ್ನು ಅವರ ಕಡೆ ಕಮ್ಯೂನ್ ಎನ್ನುತ್ತಾರಂತೆ. ಊರು ಎಷ್ಟೇ ಚಿಕ್ಕದಿರಲಿ, ಅದಕ್ಕೊಬ್ಬ ಮೇಯರು, ಒಂದು ಕಚೇರಿ, ಕಚೇರಿಯ ಮುಂದೆ ಒಂದು ಚೌಕ. ಬೆಳಿಗ್ಗೆ ಅರ್ಧ ಊರು ಬಸ್ಸು ಹತ್ತಿ ನಗರಕ್ಕೆ ಕೆಲಸಕ್ಕೆ ಹೋಗುತ್ತದೆ, ಉಳಿದರ್ಧ ಬ್ರೆಡ್ಡಿನ ಅಂಗಡಿಯಲ್ಲಿ ನಿಂತು ಹೋದವರ ವಿಷಯ ಮಾತಾಡುತ್ತದೆ. ಮದಾಮ್ ಆ ಮೇಯರ್ ಕಚೇರಿಯಲ್ಲೇ ಗುಮಾಸ್ತೆಯಾಗಿದ್ದರು. ಊರಲ್ಲಿ ಹುಟ್ಟಿದವರನ್ನೂ ಮದುವೆಯಾದವರನ್ನೂ ಸತ್ತವರನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆಯುವ ಕೆಲಸ.

"ಸರಿ ಮತ್ತೆ, ಅದಕ್ಕೇ ಎಲ್ಲರ ಮನೆ ಕೆಮ್ಮೂ ಬೇಕು ಇವರಿಗೆ," ಎಂದರು ಅತ್ತೆ, ಮುಖದಲ್ಲಿ ಒಂಚೂರೂ ನಗು ತೋರಿಸದೆ. ಅದನ್ನು ನಾನು ಇಂಗ್ಲಿಷಿಗೆ ಇಳಿಸಲಿಲ್ಲ.

ಆ ಊರಿನ ಮನೆಗಳ ಕಿಟಕಿಗಳಿಗೆ ಹೊರಗಡೆಯಿಂದ ಮರದ ಕದಗಳಿದ್ದವಂತೆ. ರಾತ್ರಿ ಮುಚ್ಚುವುದು, ಬೆಳಿಗ್ಗೆ ತೆಗೆಯುವುದು. ಒಂಟಿಯಾಗಿರುವ ಮುದುಕರ ಮನೆಯ ಕದ ಒಂಬತ್ತು ಗಂಟೆಯಾದರೂ ತೆಗೆಯದಿದ್ದರೆ ಅಕ್ಕಪಕ್ಕದವರು ಹೋಗಿ ಬಾಗಿಲು ಬಡಿಯಲೇಬೇಕು. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ತಪ್ಪಿಸುವವರೂ ಇರಲಿಲ್ಲ. ಮದಾಮರ ಗಂಡ ತೋಟದಲ್ಲಿ ಕುಸಿದಿದ್ದ ದಿನ, ಇವರು ಬೇಗನೆ ಕಚೇರಿಗೆ ಹೋಗಿದ್ದಾಗ, ಕದ ತೆಗೆಯದ್ದನ್ನು ಕಂಡು ಬಂದು ಬಡಿದ ಪಕ್ಕದ ಮನೆಯವನಿಂದಲೇ ಆ ಗಂಡನಿಗೆ ಇನ್ನೂ ನಾಲ್ಕು ವರ್ಷದ ಆಯುಸ್ಸು ಸಿಕ್ಕಿತಂತೆ.

ಅತ್ತೆ ಇದನ್ನು ಕೇಳಿ ನನ್ನ ಕಡೆ ತಿರುಗಿದರು. "ನಮ್ಮಲ್ಲೂ ಹಾಗೇನೆ ಅಂತ ಹೇಳು. ಬಾಗಿಲ ಮುಂದೆ ರಂಗೋಲಿ ಇಲ್ಲ ಅಂದ್ರೆ ಆ ಮನೇಲಿ ಏನೋ ಆಗಿದೆ ಅಂತ ಅರ್ಥ. ಬೀದಿಯವರು ಬಂದು ವಿಚಾರಿಸ್ತಾರೆ," ಎಂದರು. ಅದನ್ನು ಚೆನ್ನಾಗಿಯೇ ಇಂಗ್ಲಿಷಿಗೆ ಇಳಿಸಿದೆ. ತಿಥಿಯ ದಿನವೂ ರಂಗೋಲಿ ಹಾಕುವುದಿಲ್ಲ ಎಂಬುದನ್ನು ಅತ್ತೆ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಆವತ್ತಿನಿಂದ ಮದಾಮ್ ದಿನಾ ಬೆಳಿಗ್ಗೆ ಕಿಟಕಿಯ ಬ್ಲೈಂಡ್ಸು ಮೇಲಕ್ಕೆಳೆದ ಕೂಡಲೇ ನಮ್ಮ ಬಾಗಿಲು ನೋಡುತ್ತಿದ್ದರು. ಅತ್ತೆ ಕಾಫಿ ಹಿಡಿದು ಅವರ ಕಿಟಕಿ ನೋಡುತ್ತಿದ್ದರು.

ಮದಾಮರಿಗೆ ಒಂದು ಭಯವಿತ್ತು. ಅವರ ಒಬ್ಬನೇ ಮಗ ಒಂದು ಗಂಟೆ ದಾರಿಯ ಡ್ಯಾನ್‌ವಿಲ್‌ನಲ್ಲಿದ್ದ. ಅಮ್ಮನಿಗೆ ವಯಸ್ಸಾಯಿತು, ಕಿವಿ ಮಂದವಾಯಿತು, ತನ್ನ ಮನೆಯ ಹತ್ತಿರದ ವೃದ್ಧಾಶ್ರಮಕ್ಕೆ ಬಂದು ಸೇರಲಿ ಎಂಬುದು ಅವನ ಹಟ. ಕೆಟ್ಟವನಲ್ಲ, ಪ್ರತಿ ಭಾನುವಾರ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಆದರೆ ಮದಾಮರಿಗೆ ಕ್ಯಾಂಪ್‌ಬೆಲ್ ಬಿಡುವ ಮನಸ್ಸಿರಲಿಲ್ಲ. ಇಲ್ಲಿನ ಪುಟ್ಟ ಪೇಟೆಬೀದಿಗೆ ನಡೆದುಹೋಗಿ ಬ್ರೆಡ್ ತರಬಹುದು, ಅಂಗಡಿಯವನು ಗುರುತು ಹಿಡಿಯುತ್ತಾನೆ, ನನ್ನ ಊರಿನ ಹಾಗೆ ಇರುವುದು ಇದೊಂದೇ ಎನ್ನುತ್ತಿದ್ದರು. "ಆ ಆಶ್ರಮದಲ್ಲಿ ಕಿಟಕಿ ತೆಗೆಯುವುದಕ್ಕೂ ನರ್ಸು ಬರುತ್ತಾಳೆ. ನಾನು ಬದುಕಿದ್ದೇನೆಂದು ತೋರಿಸುವುದಕ್ಕೆ ನನಗೆ ಏನು ಉಳಿಯುತ್ತದೆ?" ಎಂದು ಒಮ್ಮೆ ನನ್ನ ಕೈ ಹಿಡಿದು ಕೇಳಿದರು.

ಇನ್ನು ತಿಥಿಯ ದಿನ. ಒಂದು ಬುಧವಾರ. ನಮ್ಮ ಪುರೋಹಿತರೂ ಕೆಲಸದಲ್ಲಿ ಪ್ರೋಗ್ರಾಮರೇ. ಮಧ್ಯಾಹ್ನ ಅವರಿಗೆ ಮೀಟಿಂಗು ಇದ್ದದ್ದರಿಂದ ಬೆಳಿಗ್ಗೆ ಏಳೂವರೆಗೇ ಕರ್ಮ ಶುರುವಾಯಿತು. "ಪಿತೃಗಳೂ ಇನ್ಮೇಲೆ ಆಫೀಸ್ ಟೈಮಿಗೆ ಬರ್ಬೇಕು," ಎಂದು ಅತ್ತೆ ಗೊಣಗಿದರು. ನನ್ನ ಗಂಡ ಹೋಮದ ಹೊಗೆಗೆ ಅಲಾರಮ್ಮು ಹೊಡೆದುಕೊಳ್ಳದಿರಲೆಂದು ಸ್ಮೋಕ್ ಡಿಟೆಕ್ಟರನ್ನು ಸೂರಿನಿಂದ ಕಿತ್ತು, ಬ್ಯಾಟರಿ ತೆಗೆದು, ಸೋಫಾದ ಮೇಲಿಟ್ಟಿದ್ದರು. ಅತ್ತೆ ಮತ್ತು ನಾನು ಮಡಿಯಲ್ಲಿ ಅಡಿಗೆಮನೆ ಸೇರಿದೆವು. ಅದಕ್ಕೆ ಮೊದಲು ನಾನೊಂದು ಬುದ್ಧಿವಂತಿಕೆ ಮಾಡಿದ್ದೆ. ರಜೆ ಹಾಕಿದ್ದರೂ ಆಫೀಸಿನಿಂದ ಒಂದು ದೊಡ್ಡ ಫೈಲು ಇಳಿಸಿಕೊಳ್ಳಬೇಕಿತ್ತು. ಮೋಡೆಮ್ಮಿಗೆ ಫೋನಿನ ತಂತಿ ಸಿಕ್ಕಿಸಿ ಬಿಟ್ಟಿದ್ದೆ. ಆಗೆಲ್ಲ ಇಂಟರ್‌ನೆಟ್ಟು ನಡೆಯುತ್ತಿರುವವರೆಗೂ ಮನೆಯ ಫೋನು ಎಂಗೇಜು.

ಒಂಬತ್ತರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು.

"ಯಾರೂ ತೆಗೀಬೇಡಿ. ಏನೋ ಮಾರೋರಿರ್ಬೇಕು," ಎಂದರು ಅತ್ತೆ ವಡೆ ತಟ್ಟುತ್ತಾ.

ಮತ್ತೆ ಬಡಿದರು. ಎಣ್ಣೆ ಕಾದಿತ್ತು, ಎಕ್ಸಾಸ್ಟ್ ಫ್ಯಾನು ಗಿರ್ರೆನ್ನುತ್ತಿತ್ತು, ಹಾಲಿನಲ್ಲಿ ಮಂತ್ರ ನಡೆಯುತ್ತಿತ್ತು. ನಾನೂ ಸುಮ್ಮನಾದೆ. ಹೊರಗೆ ನಿಂತವರ ಕಡೆಯಿಂದ ನೋಡಿದರೆ ಅದು ಹೀಗೆ: ರಂಗೋಲಿ ಇಲ್ಲ. ಬಡಿದರೆ ಉತ್ತರವಿಲ್ಲ. ಮನೆಗೆ ಹೋಗಿ ಫೋನು ಮಾಡಿದರೆ ಎಷ್ಟು ಸಲವೂ ಎಂಗೇಜು, ಯಾರೋ ರಿಸೀವರು ಹಿಡಿದುಕೊಂಡೇ ಬಿದ್ದಿರುವ ಹಾಗೆ. ಮೇಲಾಗಿ ಹೊಗೆಯ ವಾಸನೆ. ಮದಾಮ್ ಒಂಬತ್ತು-ಒಂದು-ಒಂದು ಒತ್ತಿದರು. ಆ ದೇಶದಲ್ಲಿ ತುರ್ತಿಗೆ ಆ ನಂಬರು ಒತ್ತಿದರೆ ಮೊದಲು ಬರುವುದು ಫೈರ್ ಇಂಜಿನ್ನೇ.

ಈ ಸಲ ಬಡಿದದ್ದಕ್ಕೆ ಬಾಗಿಲೇ ಅದುರಿತು. ನನ್ನ ಗಂಡ ಪಂಚೆ ಉಟ್ಟು, ಜನಿವಾರ ಎಡಕ್ಕೆ ಹಾಕಿಕೊಂಡು, ಕೈಯಲ್ಲಿ ದರ್ಭೆ ಹಿಡಿದೇ ತೆಗೆದರು. ಬಾಗಿಲಿನಷ್ಟೇ ಎತ್ತರದ ಮೂವರು, ತಲೆಗೆ ಹೆಲ್ಮೆಟ್ಟು, ಕಾಲಿಗೆ ಮೊಣಕಾಲುದ್ದದ ಬೂಟು. ಅವರ ಹಿಂದೆ, ಎದೆಯ ಮೇಲೆ ಕೈಯಿಟ್ಟುಕೊಂಡು ಮದಾಮ್. ಪುರೋಹಿತರು ಮಂತ್ರವನ್ನು ಅರ್ಧಕ್ಕೆ ನುಂಗಿದರು. "ಮುಟ್ಬೇಡಿ! ಮಡಿ! ಶೂಸು ಶೂಸು!" ಎಂದು ಅತ್ತೆ ಜಾಲರಿ ಸೌಟು ಹಿಡಿದು ಅಡಿಗೆಮನೆಯಿಂದ ಓಡಿಬಂದರು. ಅವರಲ್ಲಿ ಹಿರಿಯವನು ತಣ್ಣಗೆ ಒಲೆ ನೋಡಿದ, ಪುಟ್ಟ ಅಗ್ನಿ ನೋಡಿದ, ಕೊನೆಗೆ ಸೋಫಾದ ಮೇಲೆ ಅಂಗಾತ ಮಲಗಿದ್ದ ಸ್ಮೋಕ್ ಡಿಟೆಕ್ಟರನ್ನು ನೋಡಿದ. ಆಮೇಲೆ ಐದು ನಿಮಿಷ ನನ್ನ ಗಂಡನಿಗೆ ಸರಿಯಾಗಿ ಮಂಗಳಾರತಿಯಾಯಿತು. ನಮ್ಮನ್ನೆಲ್ಲ ಕಂಡ ಮದಾಮ್ ಮಾತ್ರ ಹೊಸಿಲ ಆಚೆಯೇ ಕೂತು ಅತ್ತುಬಿಟ್ಟರು. ಎಲ್ಲರೂ ಬದುಕಿದ್ದಾರೆ, ಎಲ್ಲರೂ ಬದುಕಿದ್ದಾರೆ ಎಂದು ಅದನ್ನೇ ಹೇಳುತ್ತಿದ್ದರು.

ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಅತ್ತೆ ಒಂದು ಡಬ್ಬಿ ತುಂಬ ವಡೆ ಕಟ್ಟಿಕೊಟ್ಟರು. "ತಿಥಿ ದಿನ ಮನೆಗೆ ಬಂದೋರನ್ನ ಹಸ್ಕೊಂಡು ಕಳಿಸಬಾರದು. ಹೋಗಿ ಕೊಟ್ಟು ಬಾ," ಎಂದು ನನ್ನನ್ನು ಫೈರ್ ಸ್ಟೇಷನ್ನಿಗೆ ಕಳಿಸಿದರು. ನಾಚಿಕೆಯಿಂದ ಸಾಯುತ್ತಾ ಹೋದೆ. ಅವರು ಅಲ್ಲೇ ತಿಂದು, ಚೆನ್ನಾಗಿದೆ ಎಂದರು.

ವಡೆಯಲ್ಲಿ ಮುಗಿಯುವ ಸಂಗತಿ ಅಲ್ಲ ಅದು. ಸಂಜೆ ಮದಾಮರ ಮಗ ಬಂದ. ನಮ್ಮ ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದ, ಆಮೇಲೆ ಅಂಗಳದಲ್ಲಿ ತಾಯಿಯ ಮೇಲೆ ಗದರಿದ. ನೆಲದ ಮೇಲೆ ಪುಡಿ ಇಲ್ಲವೆಂದು ಫೈರ್ ಇಂಜಿನ್ನು ಕರೆಸುವವರಿಗೆ ಬುದ್ಧಿ ಸ್ತಿಮಿತದಲ್ಲಿದೆ ಎಂದು ಯಾರು ನಂಬುತ್ತಾರೆ? ಇಂಥದ್ದು ಇನ್ನೊಂದು ಸಲ ಆದರೆ ಆ ವಾರವೇ ಆಶ್ರಮ, ಮಾತೇ ಇಲ್ಲ ಎಂದ. ಮದಾಮ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಇದರ ಮೇಲೆ ಅಪಾರ್ಟ್‌ಮೆಂಟಿನ ಮ್ಯಾನೇಜರಿನಿಂದ ನಮಗೊಂದು ಕಾಗದ ಬಂತು, ಓಡಾಡುವ ದಾರಿಯಲ್ಲಿ ಪುಡಿ ಗಿಡಿ ಹಾಕುವಂತಿಲ್ಲ, ಜಾರುತ್ತದೆ ಎಂದು. ಅತ್ತೆ ಅದನ್ನು ನನ್ನಿಂದ ಓದಿಸಿಕೊಂಡು ಕೇಳಿ, ರಂಗೋಲಿ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಕಪಾಟಿನಲ್ಲಿಟ್ಟರು. ಎಲ್ಲಕ್ಕೂ ನನ್ನ ಆ ಹಾಳು ಫೈಲೇ ಕಾರಣ ಎಂದು ಯಾರೂ ಅನ್ನಲಿಲ್ಲ, ಆದರೆ ನನಗೆ ಗೊತ್ತಿತ್ತು. ಫೋನು ಒಂದು ಸಲ ರಿಂಗಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ರಂಗೋಲಿ ನಿಂತರೂ ಅತ್ತೆ ಎದುರು ಕಿಟಕಿ ನೋಡುವುದನ್ನು ನಿಲ್ಲಿಸಲಿಲ್ಲ.

ಮೂರು ವಾರ ಕಳೆದಿರಬೇಕು. ನಾನು ಆಫೀಸಿಗೆ ತಡವಾಗಿ ಬೀಗದಕೈ ಹುಡುಕುತ್ತಿದ್ದೆ. ಗಂಡ ಆಗಲೇ ಹೋಗಿದ್ದರು.

"ಒಂಬತ್ತಾಯ್ತು ಕಣೇ," ಎಂದರು ಅತ್ತೆ ಕಿಟಕಿಯ ಹತ್ತಿರದಿಂದಲೇ. "ಮದಾಮ್ ಇನ್ನೂ ಕಿಟಕಿ ತೆಗೆದಿಲ್ಲ."

"ಮಲಗಿರ್ತಾರೆ ಬಿಡಿ ಅತ್ತೆ."

"ಇಷ್ಟು ದಿನದಲ್ಲಿ ಒಂದು ದಿನಾನೂ ಮಲಗಿಲ್ಲ."

ಹೋಗಿ ಬಡಿದೆವು. ಉತ್ತರವಿಲ್ಲ. ವಾಪಸು ಬಂದು ಫೋನು ಮಾಡಿದೆ. ಅವರ ಮನೆಯೊಳಗೆ ಫೋನು ಹೊಡೆದುಕೊಳ್ಳುವುದು ಅಂಗಳದಾಚೆಗೂ ಕೇಳಿಸಿತು, ಯಾರೂ ಎತ್ತಲಿಲ್ಲ. ಮ್ಯಾನೇಜರಿನ ಆಫೀಸು ತೆಗೆಯುವುದು ಹತ್ತಕ್ಕೆ. ನನ್ನ ಕೈಯಲ್ಲಿ ಫೋನಿತ್ತು, ಒತ್ತಲು ಬೆರಳು ಬರಲಿಲ್ಲ. ಮಗ ಹೇಳಿದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಫೈರ್ ಇಂಜಿನ್ನು ಬಂದು, ಬಾಗಿಲು ಒಡೆದು, ಒಳಗೆ ಮದಾಮ್ ಕಿವಿಯ ಮೆಷೀನು ತೆಗೆದಿಟ್ಟು ಗೊರಕೆ ಹೊಡೆಯುತ್ತಿದ್ದರೆ? ಆ ವಾರವೇ ಆಶ್ರಮ. ಅವರನ್ನು ಅಲ್ಲಿಗೆ ಕಳಿಸಿದವಳು ನಾನಾಗುತ್ತೇನೆ. ಇಷ್ಟನ್ನೂ ಅತ್ತೆಗೆ ಹೇಳಿದೆ. ಹತ್ತಕ್ಕೆ ಮ್ಯಾನೇಜರು ಬರಲಿ, ಕೀ ತರಲಿ, ಸದ್ದಿಲ್ಲದೆ ನೋಡೋಣ ಎಂದೆ.

ಅತ್ತೆ ನನ್ನನ್ನೇ ನೋಡಿದರು. "ಅವತ್ತು ನಮ್ಮ ಬಾಗಿಲಲ್ಲಿ ನಿಂತು ಅವರು ಹೀಗೇ ಮೀನಮೇಷ ಎಣಿಸ್ತಾ ಇದ್ರೇನೇ?"

ಒತ್ತಿದೆ.

ಅವರು ಬರುವವರೆಗಿನ ಆ ನಿಮಿಷಗಳನ್ನು ನಾನು ಮರೆತಿಲ್ಲ. ಮದಾಮ್ ಸುಮ್ಮನೆ ನಿದ್ದೆ ಮಾಡುತ್ತಿದ್ದರೆ ಗತಿಯೇನು ಎಂದು ಹೆದರಿದೆ. ದೇವರೇ, ಸುಮ್ಮನೆ ನಿದ್ದೆ ಮಾಡುತ್ತಿರಲಿ ಎಂದೂ ಬೇಡಿಕೊಂಡೆ. ಬಂದವರು ಅದೇ ಮೂವರು. ಹಿರಿಯವನು ನಮ್ಮಿಬ್ಬರನ್ನು ಕಂಡು ಹುಬ್ಬೇರಿಸಿದ. ಬೀಗ ಮೀಟಿ ಒಳಗೆ ಹೋದರು. ಅರೆಗಳಿಗೆಯ ನಂತರ ಒಳಗಿನಿಂದ, "ಇಲ್ಲಿದ್ದಾರೆ! ಮಾತಾಡುತ್ತಿದ್ದಾರೆ!" ಎಂಬ ಕೂಗು ಕೇಳಿತು. ನನಗೆ ಹೋದ ಜೀವ ಬಂದ ಹಾಗಾಯಿತು.

ಮದಾಮ್ ಬೆಳಿಗ್ಗೆ ಆರಕ್ಕೆ ಬಚ್ಚಲಿನಲ್ಲಿ ಜಾರಿ, ಸೊಂಟ ಮುರಿದುಕೊಂಡು, ತಣ್ಣನೆಯ ನೆಲದ ಮೇಲೆ ಮೂರು ಗಂಟೆಗೂ ಹೆಚ್ಚು ಬಿದ್ದಿದ್ದರು. ಸ್ಟ್ರೆಚರಿನ ಮೇಲೆ ಹೊರಗೆ ತಂದಾಗ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು, "ಗಂಟೆ ಎಷ್ಟು?" ಎಂದರು.

"ಒಂಬತ್ತೂವರೆ."

"ಅರ್ಧ ಗಂಟೆ ತಡ," ಎಂದರು ಮದಾಮ್. ಮೇಯರ್ ಕಚೇರಿಯ ಗುಮಾಸ್ತೆ ಆ ಸ್ಥಿತಿಯಲ್ಲೂ ಬಿಡಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಆಸ್ಪತ್ರೆಯಲ್ಲಿ ಮಗ ಎರಡು ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಇನ್ನು ಸ್ವಲ್ಪ ಹೊತ್ತು ಹಾಗೆಯೇ ಬಿದ್ದಿದ್ದರೆ ಹೇಳುವಂತಿರಲಿಲ್ಲ ಎಂದು ಡಾಕ್ಟರು ಅವನಿಗೆ ಹೇಳಿದ್ದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಅವನು ನನ್ನನ್ನು ಕೇಳಿದ. ನಾನು ಅವನ ಊರಿನ ಮರದ ಕದಗಳ ವಿಷಯ ಹೇಳಿದೆ. ಆ ಕಥೆ ಅವನಿಗೇ ಗೊತ್ತಿತ್ತು, ಅಂದು ತೋಟದಲ್ಲಿ ಕುಸಿದಿದ್ದವರು ಅವನ ಅಪ್ಪ. ಕ್ಯಾಲಿಫೋರ್ನಿಯಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೈಸೂರಿನ ಮುದುಕಿಯೊಬ್ಬಳು ಅದನ್ನು ನಡೆಸಿಕೊಂಡು ಬಂದಿದ್ದಾಳೆಂದು ಮಾತ್ರ ಗೊತ್ತಿರಲಿಲ್ಲ. ಆ ಆಶ್ರಮದಲ್ಲಿ ನರ್ಸುಗಳು ಕೋಣೆ ನೋಡಿಕೊಂಡು ಬರುವ ಬೆಳಗಿನ ಸುತ್ತು ಹತ್ತು ಗಂಟೆಗೆ ಎಂದಷ್ಟೇ ಹೇಳಿದ.

ಆಶ್ರಮದ ಮಾತು ಅಲ್ಲಿಗೆ ನಿಂತಿತು. ಮ್ಯಾನೇಜರಿಗೆ ಕಾಗದ ಬರೆದು ರಂಗೋಲಿಗೆ ಅನುಮತಿ ಕೊಡಿಸಿದವನೂ ಆ ಮಗನೇ. ಜಾರಬಾರದು ಎಂಬ ಷರತ್ತಿಗೆ ನನ್ನ ಗಂಡ ಒಂದು ಪ್ಲೈವುಡ್ ಹಲಗೆಗೆ ಕಪ್ಪು ಬಣ್ಣ ಬಳಿದು ಬಾಗಿಲ ಪಕ್ಕದಲ್ಲಿಟ್ಟರು. ಹಲಗೆ ಕಂಡು ಅತ್ತೆ, "ಮತ್ತೆ ಸ್ಕೂಲಿಗೆ ಸೇರಿಸಿಬಿಟ್ಯಲ್ಲೋ," ಎಂದರು. ಖುಷಿಯಾಗಿತ್ತು ಅವರಿಗೆ.

ಎರಡು ತಿಂಗಳಿಗೆ ಮದಾಮ್ ವಾಕರು ಹಿಡಿದು ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಎಂಟರಿಂದಲೇ ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಿಟಕಿಯ ಹತ್ತಿರ ನಿಂತೆವು. ನಾನು ಆಫೀಸಿಗೆ ಹೊರಡಲೇ ಇಲ್ಲ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಎದುರಿನ ಬ್ಲೈಂಡ್ಸು ಅಲುಗಿತು, ಒಂದು ಕಡೆ ಮೇಲೆದ್ದಿತು, ಸಿಕ್ಕಿಕೊಂಡಿತು, ಆಮೇಲೆ ಇನ್ನೊಂದು ಕಡೆಯೂ ಎದ್ದಿತು. ಅತ್ತೆ ದೊಡ್ಡದಾಗಿ ಉಸಿರು ಬಿಟ್ಟು ಕಾಫಿಗಿಟ್ಟರು. ಅಂಥ ನೆಮ್ಮದಿಯ ಕಾಫಿಯನ್ನು ನಾನು ಆ ದೇಶದಲ್ಲಿ ಕುಡಿದದ್ದು ಅದೇ ಮೊದಲು.

ಮರುವಾರ ಅತ್ತೆ ಮೈಸೂರಿಗೆ ಹೊರಟರು. ರಂಗೋಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನಾಲ್ಕು ಚುಕ್ಕಿ ಇಟ್ಟರೂ ಸಾಕು, ದಿನಾ ಇಡು," ಎಂದರು. ಅವರೆದುರು ಜಂಭದಿಂದ ತಲೆಯಾಡಿಸಿದೆ. ಮೂರು ದಿನ ಇಟ್ಟೆ. ನಾಲ್ಕನೆಯ ದಿನ ಶನಿವಾರ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು, ನಾನು ಹೊದ್ದು ಮಲಗಿಬಿಟ್ಟೆ.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಓಡಿಹೋಗಿ ತೆಗೆದೆ. ಮದಾಮ್. ನೈಟ್ ಗೌನು, ಮುಂದೆ ವಾಕರು, ಒಂದು ಕೈಯಲ್ಲಿ ಮನೆಯ ಕಾರ್ಡ್‌ಲೆಸ್ ಫೋನು. ಅಂಗಳ ದಾಟಿ ಅಷ್ಟು ದೂರ ಆ ಸೊಂಟದಲ್ಲಿ ಹೇಗೆ ಬಂದರೋ. ಖಾಲಿ ಹಲಗೆಯನ್ನು ನೋಡಿದರು, ಕೆದರಿದ ತಲೆಯ ನನ್ನನ್ನು ನೋಡಿದರು. ಆರು ವರ್ಷದಿಂದ ಆ ದೇಶದಲ್ಲಿದ್ದೆ. ಒಂದು ದಿನ ನನ್ನ ಬಾಗಿಲು ತೆಗೆಯದಿದ್ದರೆ ಯಾರಿಗಾದರೂ ತಿಳಿಯುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ನಿಂತು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮದಾಮ್ ನನ್ನ ಬೆನ್ನು ತಟ್ಟಿ ಫೋನು ತೋರಿಸಿದರು. "ಒಂಬತ್ತು ಒತ್ತಿದ್ದೆ, ಒಂದು ಒತ್ತಿದ್ದೆ," ಎಂದರು. "ಇನ್ನೊಂದು ಒಂದು ಮಾತ್ರ ಬಾಕಿ ಇತ್ತು."